ಗೆಳತಿ ತೆಗೆದಿಟ್ಟ ಡಿಎನ್‌ಎ

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಟೈಲರಕ್ಕ ಅಂತಲೇ ಕರೆಯೋದು. ಸೂಜಿ ದಾರ ಮುಟ್ಟಿದವರಲ್ಲ, ಡಿಎನ್‌ಎ ಕತ್ತರಿಸಿ ಜೋಡಿಸೋದು ಅವರ ಕೆಲಸ. ಇಲಿಯ ಒಂದು ಜೀನನ್ನು ಕೆಡಿಸಿ, ಅದಿಲ್ಲದೆ ಇಲಿ ಹೇಗೆ ಬದುಕುತ್ತೆ ಅಂತ ನೋಡಬೇಕಾದರೆ ಮೊದಲು ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಬಳೆಯೊಂದನ್ನು ಕಟ್ಟಬೇಕು. ನಡುವೆ ಕೋಶ ಕೊಲ್ಲುವ ಔಷಧಿಯನ್ನು ತಡೆದುಕೊಳ್ಳುವ ಒಂದು ಜೀನು, ಅದರ ಅಕ್ಕಪಕ್ಕ ಇಲಿಯದೇ ಡಿಎನ್‌ಎಯ ಎರಡು ತೋಳು. ಮುಂದೆ ಇಲಿಮರಿಯಾಗಿ ಬೆಳೆಯಬಲ್ಲ ಕಾಂಡಕೋಶದೊಳಗೆ ಹೋದ ಮೇಲೆ ಆ ತೋಳುಗಳು ತಮ್ಮ ಜೋಡಿಯನ್ನು ಹುಡುಕಿ ಹಿಡಿದರೆ ಗೆದ್ದ ಹಾಗೆ. ಇಲ್ಲವಾದರೆ ತುಂಡು ಸಿಕ್ಕ ಕಡೆ ಹೋಗಿ ಕೂರುತ್ತೆ. ಭಾನುವಾರವೂ ಬಿಡದೆ ಆ ಕೋಶಗಳಿಗೆ ಹಳೇ ದ್ರವ ತೆಗೆದು ಹೊಸದು ಉಣಿಸೋದು ನನ್ನ ಪಾಡು. ಹೆತ್ತ ಮಕ್ಕಳಿಗೂ ಇಷ್ಟು ಉಪಚಾರ ಮಾಡಿಲ್ಲ ನಾನು.

ಮುಂಚೆ ಅಕ್ಕನ ಮೇಜಿಗೆ ಇಬ್ಬರಿದ್ದರು, ಅವರು ಮತ್ತು ಅವರ ಗೆಳತಿ, ಅಕ್ಕಪಕ್ಕದ ಸ್ಟೂಲಿನಲ್ಲಿ. ಇಬ್ಬರೂ ಮದುವೆಯಾದವರಲ್ಲ. ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದರು, ಜಗಳವೂ ಒಟ್ಟಿಗೆ, ಟೀಯೂ ಒಟ್ಟಿಗೆ. ನಾವು ಕೆಡಿಸಹೊರಟ ಈ ಜೀನಿನ ಕೆಲಸ ಹಚ್ಚಿಕೊಂಡದ್ದೇ ಗೆಳತಿ. ಇಲಿಯ ಡಿಎನ್‌ಎ ತೆಗೆದು ಫ್ರೀಜರಿನಲ್ಲಿಟ್ಟರು, ಅಷ್ಟರಲ್ಲಿ ಹಾಸಿಗೆ ಹಿಡಿದರು, ಹೋಗೇಬಿಟ್ಟರು. ಆಮೇಲೆ ಅಕ್ಕ ಮಾತು ಕಮ್ಮಿ ಮಾಡಿದರು. ಊಟಕ್ಕೆ ಕರೆದರೆ ನೀವು ಶುರು ಮಾಡಿ ಅನ್ನೋರು, ಬರ್ತಿರಲಿಲ್ಲ.

ತೋಳುಗಳನ್ನು ಅಕ್ಕ ಗೆಳತಿ ತೆಗೆದಿಟ್ಟ ಡಿಎನ್‌ಎಯಿಂದಲೇ ಕಟ್ಟಿದರು. ಎಡವಟ್ಟಾದದ್ದು ಅಲ್ಲೇ. ಅದು ಕಪ್ಪು ಇಲಿಯದು. ಗೆಳತಿ ಇದ್ದಾಗ ನಾವು ಸಾಕುತ್ತಿದ್ದ ಕೋಶವೂ ಕಪ್ಪು ಇಲಿಯದೇ, ಆಮೇಲೆ ಕಂದು ಇಲಿಯದಕ್ಕೆ ಬದಲಾಯಿಸಿದ್ದೆವು. ಎರಡೂ ಇಲಿಯೇ, ಆದರೆ ತಳಿ ಬೇರೆ, ಡಿಎನ್‌ಎ ಅಲ್ಲಲ್ಲಿ ಬೇರೆ, ತೋಳು ಸರಿಯಾಗಿ ಹಿಡಿಯಲ್ಲ. ಅಕ್ಕನಿಗೆ ಗೊತ್ತಿಲ್ಲದ್ದೇ? ನನಗೆ ಕಲಿಸಿದವರೇ ಅವರು! ಬಾಯಿ ತಡೆಯಲಾರದೆ ಹೇಳಿಯೇಬಿಟ್ಟೆ. ತೋಳು ಉದ್ದ ಇಟ್ಟಿದ್ದೀನಿ, ಹಿಡಿಯುತ್ತೆ, ಸುಮ್ಮನಿರು ಅಂದರು. ಹಿಡಿಯಲಿಲ್ಲ. ತಟ್ಟೆಗಟ್ಟಲೆ ಕೋಶ ಬೆಳೆಸಿದೆ, ಔಷಧಿ ಹಾಕಿದೆ, ಬದುಕಿದ ಗುಂಪುಗಳನ್ನು ಒಂದೊಂದಾಗಿ ಎತ್ತಿ ಪರೀಕ್ಷೆ ಮಾಡಿದೆ. ಎಲ್ಲದರಲ್ಲೂ ತುಂಡು ಬೇಡದ ಕಡೆಯೇ ಕೂತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ಸಿಟ್ಟು ಬರದೆ ಇರುತ್ತಾ?

ಕೊನೆಗೆ ಲ್ಯಾಬಿನ ದೊಡ್ಡ ಮೇಡಂ ಬಂದು, ಇನ್ನೊಂದೇ ಸಲ ನೋಡೋಣ, ಆಗದಿದ್ದರೆ ಈ ಜೀನನ್ನೇ ಕೈಬಿಡೋಣ ಅಂದರು. ಗೆಳತಿಯ ಕೆಲಸ ಇಲಿಯಾಗಿ ಓಡಾಡೋದನ್ನು ಕಣ್ಣಾರೆ ನೋಡಬೇಕು ಅನ್ನೋದೊಂದೇ ಅಕ್ಕನ ಆಸೆ, ಅದು ನಮಗೆಲ್ಲ ಗೊತ್ತಿದ್ದದ್ದೇ. ಮಾರನೇ ದಿನ ಅವರೇ ನನ್ನ ಹತ್ತಿರ ಬಂದು ಕಂದು ಇಲಿಯ ಕೋಶ ಒಂದಿಷ್ಟು ಕೇಳಿದರು. ಅದರಿಂದ ಹೊಸದಾಗಿ ಡಿಎನ್‌ಎ ತೆಗೆದು, ಹಳೇ ತೋಳು ಎರಡನ್ನೂ ಕತ್ತರಿಸಿ ಹಾಕಿ, ಮೊದಲಿಂದ ಕಟ್ಟಿದರು.

ಈ ಸಲ ಹಿಡಿಯಿತು. ಅದೂ ನಾಲ್ಕೈದು ಗುಂಪಿನಲ್ಲಿ. ನಾನು ಏದುಸಿರು ಬಿಡುತ್ತಾ ಹೋಗಿ ಪರೀಕ್ಷೆಯ ಚಿತ್ರ ಮುಂದಿಟ್ಟೆ. ಅಕ್ಕ ನೋಡಿದರು, ನಕ್ಕರು, ನನ್ನ ಬೆನ್ನು ತಟ್ಟಿದರು. ಆಮೇಲೆ ಕೂತವರು ಏಳಲೇ ಇಲ್ಲ, ಕಣ್ಣಲ್ಲಿ ನೀರು. ಇಷ್ಟು ದಿನ ನಮ್ಮನ್ನೆಲ್ಲ ಸತಾಯಿಸಿ ಈಗ ಅಳೋದೇನಕ್ಕ ಅಂತ ಗದರಿಸಿದೆ.

"ಅವಳ ಡಿಎನ್‌ಎ ಪೂರ್ತಿ ತೆಗೆದು ಹಾಕಿದೆ ಕಣೇ. ಹುಟ್ಟೋ ಇಲಿಯಲ್ಲಿ ಅವಳದು ಅಂತ ಏನಿರುತ್ತೆ, ಹೇಳು?"

ಅಕ್ಕನ ಪಕ್ಕದಲ್ಲಿ ಖಾಲಿ ಇದ್ದ ಸ್ಟೂಲ್ ಎಳೆದುಕೊಂಡು ಕೂರಲು ಹೋದೆ. ಅಕ್ಕ ಮೆಲ್ಲಗೆ, ಅದು ಬೇಡ, ಬೇರೆ ತಗೋ ಅಂದರು.