ಸೂಜಿ ತಾಕದ ಬಟ್ಟೆ

ಇಪ್ಪತ್ತು ವರ್ಷ ಹಲಸೂರಿನಲ್ಲಿ ರವಿಕೆ ಹೊಲಿದವಳು ನಾನು. ಕೃಷ್ಣರಾಜಪುರದ ಆ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಕನ್ನಡಕದ ಇಂಜಿನಿಯರೊಬ್ಬ ನನಗೆ ಬಟ್ಟೆ ಎಂದರೇನು ಎಂದು ಪಾಠ ಮಾಡಿದ. ಅವನ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿತ್ತು. ಅದನ್ನು ಹೊಲಿದುಕೊಳ್ಳಲು ಬಾರದವನು ಆಕಾಶದಲ್ಲಿ ತೇಲುವ ಗಾಳಿಹಡಗಿಗೆ ಬಟ್ಟೆ ಆರಿಸುತ್ತಿದ್ದ.

ಬಟ್ಟೆಯೇನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹೊರಗೆ ಬಿಸಿಲು ತಡೆಯುವ ಲೇಪ, ನಡುವೆ ಗಟ್ಟಿ ಪಾಲಿಯೆಸ್ಟರ್ ನೇಯ್ಗೆ, ಒಳಗೆ ಹೀಲಿಯಂ ಸೋರದಂತೆ ತೆಳ್ಳನೆಯ ಹಾಳೆ. ಸೀರೆಯುದ್ದದ ತುಂಡನ್ನು ಒಂದೇ ಕೈಯಲ್ಲಿ ಎತ್ತಬಹುದು, ಇಬ್ಬರು ಜಗ್ಗಿದರೂ ಹರಿಯದು.

"ಸೂಜಿ ಮಾತ್ರ ತಾಕಿಸ್ಬೇಡಿ ಆಂಟಿ, ಒಂದ್ ತೂತು ಬಿದ್ರೂ ಗ್ಯಾಸ್ ಹೋಗುತ್ತೆ," ಎಂದ.

ಸೂಜಿ ಬೇಡವೆಂದ ಮೇಲೆ ದರ್ಜಿ ಯಾಕೆ ಬೇಕಿತ್ತೋ! ಅಂಚಿನ ಮೇಲೆ ಅಂಚಿಟ್ಟು ಬಿಸಿ ಯಂತ್ರದಲ್ಲಿ ಬೆಸೆಯುವುದು ನನ್ನ ಕೆಲಸ. ದಿನಾ ಬಾಗಿಲಲ್ಲಿ ಸೆಕ್ಯೂರಿಟಿಯವನು ನನ್ನ ಚೀಲ ತಡಕಿ, ಸೂಜಿ ಕತ್ತರಿ ಇಲ್ಲವೆಂದು ಬರೆದುಕೊಳ್ಳುತ್ತಿದ್ದ. ಆ ಗಂಡಸರ ಬುದ್ಧಿ ಚೀಲದಿಂದ ಆಚೆಗೆ ಹೋಗುತ್ತಿರಲಿಲ್ಲ.

ಆಯುಧಪೂಜೆಯ ದಿನ ಮೊದಲ ಗಾಳಿಹಡಗು ಹೊಟ್ಟೆ ತುಂಬಿಕೊಂಡು ನಿಂತಿತ್ತು. ಮೂರು ದಿನದಲ್ಲಿ ಕೊಳ್ಳುವವರು ನೋಡಲು ಬರುವವರಿದ್ದರು. ಅದು ಹಾರಿದರೆ ಮಾತ್ರ ನಮ್ಮ ಕೆಲಸ ಉಳಿಯುತ್ತಿತ್ತು. ಯಜಮಾನರು ಶಿವಾಜಿನಗರದಿಂದ ಆಳುದ್ದದ ಸೇವಂತಿಗೆ ಹಾರ ತಂದರು. ಅದನ್ನು ಹಡಗಿನ ಮೂತಿಗೆ ಹಾಕಲು ನಾಲ್ವರು ಇಂಜಿನಿಯರುಗಳು ಟೇಪು ಹಿಡಿದು ಹೆಣಗಿದರು. ಒದ್ದೆ ಹೂವಿಗೆ ಟೇಪು ನಿಲ್ಲುತ್ತದೆಯೇ? ಮದುವೆಮನೆಯಲ್ಲಿ ಒಂದು ದಿನವಾದರೂ ಮೈಬಗ್ಗಿಸಿದ್ದರೆ ತಿಳಿಯುತ್ತಿತ್ತು.

"ಆಂಟಿ, ಏನಾದ್ರೂ ಮಾಡ್ರೀ," ಎಂದರು.

ಕೈಲಾಗದ ಗುಂಪು ಎಂದು ಮನಸ್ಸಿನಲ್ಲೇ ಬೈಯುತ್ತಾ ಎರಡು ನಿಮಿಷದಲ್ಲಿ ಹಾರ ನಿಲ್ಲಿಸಿದೆ. ಎಲ್ಲರೂ ಫೋಟೊ ತೆಗೆಸಿಕೊಂಡರು. ಸಂಜೆ ಹಾರ ಬಿಚ್ಚಿದವಳೂ ನಾನೇ.

ಮರುದಿನ ಹೋದರೆ ಮೂತಿ ಜೋತುಬಿದ್ದಿತ್ತು.

"ನಿಮ್ ಜಾಯಿಂಟೇ ಬಿಟ್ಟಿರೋದು ಆಂಟಿ," ಎಂದ ಅದೇ ಕನ್ನಡಕದವನು, ಎಲ್ಲರೆದುರಿಗೆ. ಯಜಮಾನರು ನಾಳೆಯಿಂದ ಬರಬೇಡ ಎನ್ನುವ ಹಾಗೆ ನನ್ನನ್ನು ನೋಡಿದರು.

ಮೈ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಬಕೆಟ್ಟಿನಲ್ಲಿ ಸೋಪು ಕಲಸಿ, ಪಂಕ್ಚರ್ ಅಂಗಡಿಯವನು ಟ್ಯೂಬು ನೋಡುವಂತೆ ಒಂದೊಂದು ಬೆಸುಗೆಗೂ ಬಳಿದೆ. ಒಂದು ಗುಳ್ಳೆಯೂ ಏಳಲಿಲ್ಲ.

"ಕನ್ನಡಕ ಒರೆಸ್ಕೊಂಡು ನೋಡಪ್ಪಾ," ಎಂದೆ. ಅದೇ ಜೋರಿನಲ್ಲಿ ಮೂತಿಗೂ ಬಳಿದೆ.

ಅಲ್ಲಿ ಗುಳ್ಳೆಗಳೆದ್ದವು. ಎರಡೆರಡಾಗಿ, ನಾಲ್ಕು ಕಡೆ, ಹಾರ ಇದ್ದ ಸಾಲಿನಲ್ಲೇ.

ನನ್ನ ಕೈ ತಾನಾಗಿ ಕತ್ತಿನ ತಾಳಿಸರಕ್ಕೆ ಹೋಯಿತು. ಸೆರಗಿಗೆ ಬೇಕಾದೀತೆಂದು ಸದಾ ಅದಕ್ಕೆ ಸಿಕ್ಕಿಸಿಕೊಂಡಿರುವ ನಾಲ್ಕು ಪಿನ್ನುಗಳು ಅಲ್ಲೇ ಇದ್ದವು. ಹಾರ ಜಾರಿದಾಗ, ಇಪ್ಪತ್ತು ವರ್ಷದ ಅಭ್ಯಾಸದ ಕೈ ನನ್ನನ್ನು ಕೇಳದೆಯೇ ಅವನ್ನು ಬಿಚ್ಚಿ ಚುಚ್ಚಿತ್ತು, ಸಂಜೆ ಕಿತ್ತು ಮತ್ತೆ ಸರಕ್ಕೇ ಸಿಕ್ಕಿಸಿತ್ತು.

ಕನ್ನಡಕದವನು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ. "ಎರಡೆರಡು ಹಲ್ಲಿನ ಗುರುತಿದೆ. ಇಲಿ ಕಚ್ಬಿಟ್ಟಿದೆ. ಸಾರಿ ಆಂಟಿ, ನಿಮ್ಮನ್ನ ಅನ್ಬಾರ್ದಿತ್ತು."

ನಾಚಿಕೆಯಿಂದ ಕುಗ್ಗಿಹೋದೆ. ಸೆರಗೆಳೆದು ಸರ ಮುಚ್ಚಿಕೊಂಡೆ.

ನಾಲ್ಕು ತೇಪೆ ನಾನೇ ಬೆಸೆದೆ. ಹಡಗು ಹಾರಿತು, ಕೆಲಸ ಉಳಿಯಿತು. ಶೆಡ್ಡಿಗೆ ಎರಡು ಇಲಿಬೋನು ಬಂದವು. ದಿನಾ ಸಂಜೆ ಅವಕ್ಕೆ ಬೋಂಡದ ಚೂರು ಸಿಕ್ಕಿಸುವುದು ನನ್ನ ಪಾಲಿಗೇ ಬಂತು. ಇವತ್ತಿನವರೆಗೆ ಒಂದು ಇಲಿಯೂ ಬಿದ್ದಿಲ್ಲ.

"ಭಾರಿ ಚಾಲಾಕಿ ಇಲಿ, ಅಲ್ವಾ ಆಂಟಿ?" ಎಂದು ಅವನು ಆಗಾಗ ಕೇಳುತ್ತಾನೆ.

ಹೌದಪ್ಪಾ ಎನ್ನುತ್ತೇನೆ.