ಜ್ಯೋತಿಲಕ್ಷ್ಮಿ ತೋರಿಸಿದ ಬಿಸಿಲಿನ ಕ್ರೀಮು

ನಲವತ್ತಾರನೇ ವಯಸ್ಸಿನಲ್ಲಿ ನನಗೆ ಸ್ಕೂಟರ್ ಕಲಿಸಿದವಳು ಮಲ್ಲತ್ತಹಳ್ಳಿಯ ಜ್ಯೋತಿಲಕ್ಷ್ಮಿ. ಜ್ಞಾನಭಾರತಿಯ ಒಳರಸ್ತೆಗಳಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುವುದೇ ಹನ್ನೊಂದು ವರ್ಷದಿಂದ ಅವಳ ಕಸುಬು. ನಾನು ಎರಡು ಸಲ ಅವಳನ್ನೂ ಸೇರಿಸಿ ಪೊದೆಗೆ ಬಿದ್ದೆ. ಅವಳು ಎದ್ದು ಚೂಡಿದಾರ್ ಕೊಡವಿಕೊಂಡು, "ಏನೂ ಆಗಿಲ್ಲ ಮೇಡಂ, ಹೊರಡಿ" ಎಂದು ಮತ್ತೆ ಹಿಂದೆ ಕೂತಳು. ಅಂಥ ಗಟ್ಟಿಗಿತ್ತಿ.

ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಬಿಸಿಲಲ್ಲೇ ಇದ್ದರೂ ಅವಳ ಕೈ ಮಾತ್ರ ಕಪ್ಪು, ಮುಖ ಬೆಳ್ಳಗೆ. ಹೊಟ್ಟೆಕಿಚ್ಚು ತಡೆಯಲಾರದೆ ಕೇಳಿಯೇಬಿಟ್ಟೆ. ಬ್ಯಾಗಿನಿಂದ ಒಂದು ಸಣ್ಣ ಟ್ಯೂಬ್ ತೆಗೆದಳು.

"ಬಿಸಿಲಿನ ಕ್ರೀಮು ಮೇಡಂ. ಮೆಡಿಕಲ್ ಶಾಪ್ ಅಣ್ಣ ಕೊಟ್ಟಿದ್ದು. ನನ್ನ ಮಗಳು ಅನುಗೂ ದಿನಾ ನಾನೇ ಹಚ್ಚಿ ಸ್ಕೂಲಿಗೆ ಕಳಿಸ್ತಿದ್ದೆ. ಈಗ ಅವಳೇ ಹಚ್ಕೋತಾಳೆ."

ನಾನೂ ಕೊಂಡೆ. ಮೂರೇ ವಾರದಲ್ಲಿ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಕಾಣದ ಭಾಗ್ಯ.

ಆಮೇಲೆ ಅನಘಾ ಕಲಿಯಲು ಬಂದಳು. ನಾಗರಬಾವಿಯಲ್ಲಿ ಚರ್ಮದ ಡಾಕ್ಟರ್, ಆದರೆ ಹಂಪ್ ಕಂಡರೆ ಕಣ್ಣು ಮುಚ್ಚುವ ಹುಡುಗಿ. ಒಂದು ದಿನ ಮರದ ಕೆಳಗೆ ಜ್ಯೋತಿಲಕ್ಷ್ಮಿ ಎರಡನೇ ಸಲ ಕ್ರೀಮು ಹಚ್ಚುತ್ತಿದ್ದಳು.

"ಉರಿ ಡಾಕ್ಟ್ರೇ. ಬಿಸಿಲಿಗೆ ಹೋದ್ರೆ ಸಾಕು, ಮುಖ ಉರಿಯುತ್ತೆ. ಅದಕ್ಕೇ ಜಾಸ್ತಿ ಹಚ್ತೀನಿ."

ಅನಘಾ ಟ್ಯೂಬ್ ಇಸಿದುಕೊಂಡು ಸಣ್ಣ ಅಕ್ಷರಗಳನ್ನು ಓದಿದಳು. ಜ್ಯೋತಿಲಕ್ಷ್ಮಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಕ್ಕಾ, ಇದು ಸನ್‌ಸ್ಕ್ರೀನ್ ಅಲ್ಲ. ಸ್ಟೆರಾಯ್ಡ್. ಡಾಕ್ಟರ್ ಹೇಳದೆ ಮುಟ್ಟಬಾರದು. ಚರ್ಮ ತೆಳ್ಳಗಾಗಿ ನರ ಕಾಣ್ತಾ ಇದೆ. ಬೆಳ್ಳಗಾಗಿರೋದೂ ಇದರಿಂದ್ಲೇ, ಬಿಸಿಲಿಗೆ ಉರಿಯೋದೂ ಇದರಿಂದ್ಲೇ."

ಕೈ ತಾನಾಗಿಯೇ ನನ್ನ ಕೆನ್ನೆಗೆ ಹೋಯಿತು. ಜ್ಯೋತಿಲಕ್ಷ್ಮಿ ತನ್ನ ಮುಖದ ಮಾತೇ ಎತ್ತಲಿಲ್ಲ.

"ಮಕ್ಕಳಿಗೆ ಹಚ್ಚಿದ್ರೆ?"

"ಎಷ್ಟು ದಿನದಿಂದ?"

"ಐದು ವರ್ಷ."

ಅನಘಾ ಟ್ಯೂಬಿಗೆ ಮುಚ್ಚಳ ಹಾಕಿ ಅವಳ ಕೈಗಿಟ್ಟಳು. ಆಮೇಲೆ, "ಸಂಜೆ ಮಗೂನ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ. ಟ್ಯೂಬೂ ತನ್ನಿ. ಒಂದೇ ಸಲಕ್ಕೆ ಬಿಟ್ರೆ ಮುಖ ಕೆಂಪಗೆ ಊದ್ಕೊಳ್ಳುತ್ತೆ, ಹೇಗೆ ಬಿಡಬೇಕು ಅಂತ ಹೇಳ್ತೀನಿ" ಎಂದಳು. ನಿಜವಾದ ಸನ್‌ಸ್ಕ್ರೀನಿನ ಮೇಲೆ ಎಸ್‌ಪಿಎಫ್ ಎಂಬ ಬಿಸಿಲು ತಡೆಯುವ ಅಳತೆ ಮೂವತ್ತಕ್ಕಿಂತ ಕಡಿಮೆ ಇರಬಾರದಂತೆ. ಎರಡು ಬೆರಳುದ್ದ ತೆಗೆದು ಮುಖ, ಕುತ್ತಿಗೆಗೆಲ್ಲ ಹಚ್ಚಬೇಕಂತೆ, ಬಿಸಿಲಲ್ಲಿರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಂತೆ. ಅದು ಯಾರನ್ನೂ ಬೆಳ್ಳಗೆ ಮಾಡುವುದಿಲ್ಲವಂತೆ.

ಜ್ಯೋತಿಲಕ್ಷ್ಮಿ ಕೀಲಿಯನ್ನು ನನಗೆ ಕೊಟ್ಟು ಹಿಂದೆ ಕೂತಳು, ಅವಳ ಮನೆಯವರೆಗೆ ನಾನೇ ಸ್ಕೂಟರ್ ಓಡಿಸಿದೆ. ದಾರಿಯಲ್ಲಿ ಸನ್‌ಸ್ಕ್ರೀನ್ ಕೊಂಡೆವು. ಮನೆಯಲ್ಲಿ ಅನು ಇದ್ದಳು, ಹದಿನಾರರ ಹುಡುಗಿ, ಕಾಲೇಜಿಗೆ ಸೇರಿ ತಿಂಗಳಾಗಿತ್ತು. ಅಮ್ಮ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಮಗಳು ಅಳಲಿಲ್ಲ. ಹೊಸ ಕ್ರೀಮನ್ನು ತಿರುಗಿಸಿ ನೋಡಿದಳು.

"ಇದರಿಂದ ಬೆಳ್ಳಗಾಗ್ತೀನಾ?"

"ಇಲ್ಲ ಕಂದ. ಬಿಸಿಲು ತಡೆಯುತ್ತೆ, ಅಷ್ಟೇ. ಆ ಹಳೇ ಟ್ಯೂಬ್ ಕೊಡು, ಡಾಕ್ಟ್ರಿಗೆ ತೋರಿಸ್ಬೇಕು."

ಅನು ಕಾಲೇಜಿನ ಬ್ಯಾಗನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದಳು. ಆ ಮಗುವಿನ ಕೆನ್ನೆಯ ಮೇಲೂ ಕೆಂಪು ಎಳೆಗಳು ಕಂಡವು.

"ಕೊಡಲ್ಲ. ಡಾಕ್ಟ್ರು ಬಿಡಿಸ್ತಾರೆ. ಮೊದಲಿನ ಥರ ಆದ್ರೆ ನಾನು ಕಾಲೇಜಿಗೆ ಹೋಗಲ್ಲ. ಕಪ್ಪಗಿದ್ರೆ ನಿನ್ನ ಯಾರೂ ತಿರುಗಿ ನೋಡಲ್ಲ ಅಂತ ನೀನೇ ಹೇಳ್ತಿದ್ದೆ ಅಲ್ವಾ ಅಮ್ಮ, ಹಚ್ತಾ ಹಚ್ತಾ?"

ಏನಾದರೂ ಹೇಳೋಣವೆಂದರೆ ನನ್ನ ಬ್ಯಾಗಿನಲ್ಲೂ ಅದೇ ಟ್ಯೂಬ್ ಇತ್ತು.

ಜ್ಯೋತಿಲಕ್ಷ್ಮಿ ನೆಲದ ಮೇಲೆ ಕೂತುಬಿಟ್ಟಳು.

"ಹೌದು ಕಣೇ, ಹೇಳ್ತಿದ್ದೆ" ಎಂದಳು. "ದಿನಾ ಹೇಳ್ತಿದ್ದೆ."