ಐದ್ನಿಮಿಷದಣ್ಣನ ಕನ್ನಡಿ

ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗಿನ ಜಾಗದಲ್ಲಿ ಕೀಲಿ ಮಾಡಿಕೊಡುವ ಒಂದು ಅಂಗಡಿಯಿದೆ. ಒಳಗೆ ಇಬ್ಬರು ನಿಂತರೆ ಮೂರನೆಯವನ ಮೂಗು ಬೀದಿಯಲ್ಲೇ ಉಳಿಯುತ್ತದೆ. ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಅದು ಕಾಗದಪತ್ರಕ್ಕಷ್ಟೇ. ಬೀದಿಯವರೆಲ್ಲ ಕರೆಯುವುದು ಐದ್ನಿಮಿಷದಣ್ಣ ಎಂದು. "ಆಯ್ತಾ?" ಎಂದು ಯಾರೇ ಕೇಳಲಿ, ಇಪ್ಪತ್ತೆಂಟು ವರ್ಷಗಳಿಂದ ಅವನ ಉತ್ತರ ಒಂದೇ: "ಇನ್ನೈದೇ ನಿಮಿಷ."

ಸೋಮಾರಿ ಎಂದುಕೊಳ್ಳಬೇಡಿ. ಸೋಮಾರಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಕಾಯಿಲೆಯೇ ಬೇರೆ. ಕೀಲಿ ಸರಿಯಾಗಿ ಕೂತ ಮೇಲೂ ಕೈ ಸುಮ್ಮನಿರುವುದಿಲ್ಲ. ಇಲ್ಲೊಂದು ಚೂರು, ಅಲ್ಲೊಂದು ಚೂರು ಎಂದು ಅರ ಹಾಕುತ್ತಲೇ ಇರುತ್ತಾನೆ. ಒಮ್ಮೆ ಔಷಧಿ ಅಂಗಡಿಯಾಕೆ ಬಂದು ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಅಣ್ಣಾ, ಇದು ನಮ್ಮನೆ ಬೀಗ ತೆಗಿಯುತ್ತೆ, ಸರಿ. ಪಕ್ಕದ ಮನೇದೂ ತೆಗಿಯುತ್ತೆ. ಮಹಡಿ ಮನೇದೂ ತೆಗಿಯುತ್ತೆ. ನಿನ್ನೆ ನಮ್ಮ ಯಜಮಾನರು ಮರೆತು ಮಹಡಿ ಮನೆಗೆ ಹೋಗಿ ಊಟಕ್ಕೇ ಕೂತುಬಿಟ್ಟಿದ್ರು!" ಅಣ್ಣ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ, "ತುಂಬ ನುಣುಪಾಗಿದೆ ಅಲ್ವಾ?" ಎಂದ.

ಇಂಥ ಮನುಷ್ಯನ ಕೈಗೆ ಗಾಜು ಸಿಗಬಾರದಿತ್ತು, ಸಿಕ್ಕಿಬಿಟ್ಟಿತು. ಹನ್ನೊಂದು ವರ್ಷಗಳ ಹಿಂದೆ ಯಾರೋ ಬೀಗ ಒಡೆಸಲು ತಂದ ಪೆಟ್ಟಿಗೆಯೊಳಗೆ ಮನೆಯಲ್ಲೇ ಮಾಡಿದ ದೂರದರ್ಶಕವೊಂದಿತ್ತು. ಅದರಲ್ಲಿ ಚಂದ್ರನನ್ನು ನೋಡಿದವನು ಹೊಟ್ಟೆ ಬಟ್ಟೆ ಮರೆತ. ದೂರದರ್ಶಕದ ಜೀವವೆಲ್ಲ ಇರುವುದು ಅದರ ತಳದ ಕನ್ನಡಿಯಲ್ಲಿ. ಅಂಗೈಗಿಂತ ಅಗಲದ ದಪ್ಪ ಗಾಜಿನ ಬಿಲ್ಲೆಯನ್ನು ತಿಂಗಳುಗಟ್ಟಲೆ ಕೈಯಿಂದ ತೇಯ್ದು ನಡುವೆ ಒಂದಿಷ್ಟೇ ತಗ್ಗು ಮಾಡಬೇಕು, ಆಮೇಲೆ ಕೆಂಪು ಪುಡಿ ಹಾಕಿ ಉಜ್ಜಿ ಹೊಳಪು ತರಬೇಕು. ಕಡಿಮೆ ಉಜ್ಜಿದರೆ ಮಬ್ಬು. ಹೆಚ್ಚು ಉಜ್ಜಿದರೆ ನಡುವೆ ಗುಂಡಿ ಬಿದ್ದು ನಕ್ಷತ್ರ ಹಿಟ್ಟಿನ ಉಂಡೆಯ ಹಾಗೆ ಕಾಣುತ್ತದೆ. ಕೂದಲೆಳೆಯನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟರಲ್ಲಿ ಎಲ್ಲ ಕೆಡುತ್ತದೆ. ಐದು ನಿಮಿಷ ಸಾಕು.

ಈ ಹುಚ್ಚಿನವರೆಲ್ಲ ವರ್ಷಕ್ಕೊಮ್ಮೆ, ಎರಡು ಗಂಟೆ ಬಸ್ ದಾರಿಯ ಊರೊಂದರ ಶಾಲೆಯಲ್ಲಿ ಸೇರುತ್ತಾರೆ. ಅಲ್ಲಿ ಬಹುಮಾನ, ಹಾರ, ಭಾಷಣ ಏನೂ ಇಲ್ಲ. ಬ್ಲೇಡಜ್ಜ ಇದ್ದಾನೆ, ಅಷ್ಟೇ. ಕನ್ನಡಕದಂಗಡಿ ಇಟ್ಟಿದ್ದ ಮುದುಕ. ಚಿಕ್ಕ ದೀಪದ ಬೆಳಕನ್ನು ಕನ್ನಡಿಗೆ ಬಿಟ್ಟು, ಮರಳಿ ಬರುವ ಬೆಳಕನ್ನು ಗಡ್ಡ ಹೆರೆಯುವ ಬ್ಲೇಡಿನಿಂದ ಮೆಲ್ಲಗೆ ಅಡ್ಡಗಟ್ಟಿ ನೋಡುತ್ತಾನೆ. ಆಗ ಕನ್ನಡಿಯ ಉಬ್ಬು ತಗ್ಗುಗಳೆಲ್ಲ ನೆರಳಾಗಿ ಎದ್ದು ಕಾಣುತ್ತವೆ. ನೋಡಿದ ಮೇಲೆ ಅಜ್ಜ ಮೂರರಲ್ಲಿ ಒಂದು ಮಾತು ಹೇಳುತ್ತಾನೆ. ಕೆಟ್ಟದ್ದಕ್ಕೆ "ಮತ್ತೆ ಉಜ್ಜು." ನಡುವಿನದಕ್ಕೆ "ಪರವಾಗಿಲ್ಲ." ಇನ್ನು ಮುಟ್ಟುವಂಥದ್ದೇನೂ ಉಳಿದಿಲ್ಲ ಎನ್ನುವಂಥದ್ದಕ್ಕೆ "ಸಾಕು." ಆ ಒಂದು ಮಾತು ಕೇಳಲು ಜನ ಜೀವ ಬಿಡುತ್ತಾರೆ. ಅಣ್ಣ ಹತ್ತು ಕನ್ನಡಿ ಹೊತ್ತುಕೊಂಡು ಹೋಗಿ ಹತ್ತು ಸಲ "ಪರವಾಗಿಲ್ಲ" ಕೇಳಿ, ಮುಖ ಹುಳ್ಳಗೆ ಮಾಡಿಕೊಂಡು ಬಂದವನು. ಹತ್ತಕ್ಕೆ ಹತ್ತೂ ಹಿಂದಿನ ದಿನದವರೆಗೆ ಚೆನ್ನಾಗಿದ್ದವು. ಹಿಂದಿನ ದಿನ ಐದು ನಿಮಿಷ ಉಜ್ಜಿದ್ದ.

ಅವನ ಹೆಂಡತಿ ಮುದ್ರಣಾಲಯವೊಂದರಲ್ಲಿ ಪುಸ್ತಕ ಹೊಲಿದು ರಟ್ಟು ಹಾಕುವವಳು. ಅಂಟು ಎಷ್ಟು ಹಚ್ಚಬೇಕು, ಯಾವಾಗ ಕೈ ತೆಗೆಯಬೇಕು ಎನ್ನುವುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ದೂರದರ್ಶಕದ ಬಗ್ಗೆ ಅವಳ ದೂರು ಒಂದೇ: ಕೆಂಪು ಪುಡಿ. ದಿಂಬಿನ ಮೇಲೆ ಕೆಂಪು, ಲೋಟದ ಮೇಲೆ ಕೆಂಪು, ಗಂಡನ ಕಿವಿಯ ಹಿಂದೆ ಕೆಂಪು. ಹನ್ನೊಂದು ವರ್ಷ ದಿನಾ ಸಂಜೆ ಅಡುಗೆಮನೆಯಿಂದ ಹೇಳಿದ್ದೂ ಒಂದೇ: "ಸಾಕು ಬಿಡ್ರೀ." ಅದು ಅಣ್ಣನ ಕಿವಿಗೆ ನಲ್ಲಿಯ ಸದ್ದಿನಷ್ಟೇ ಅಭ್ಯಾಸವಾಗಿತ್ತು.

ಈ ವರ್ಷ, ಕೂಟಕ್ಕೆ ಹದಿನೈದು ದಿನವಿರುವಾಗ, ಅವಳು ಸೀದಾ ಬಂದು ಅವನ ಕೈ ಹಿಡಿದಳು.

"ಸಾಕು."

"ಇನ್ನೈದೇ ನಿಮಿಷ ಕಣೇ."

"ಹೋದ ವರ್ಷಾನೂ ಇದನ್ನೇ ಅಂದ್ರಿ. ಅಲ್ಲಿಂದ ಬಂದು ಮೂರು ದಿನ ಗೋಡೆ ಕಡೆ ತಿರುಗಿ ಊಟ ಮಾಡಿದ್ರಿ. ಆ ಗೋಡೆ ಮುಂದೆ ಮತ್ತೆ ತಟ್ಟೆ ಇಡೋಕೆ ನನ್ನಿಂದಾಗಲ್ಲ. ಕೊಡಿ ಇಲ್ಲಿ."

ಅಣ್ಣನಿಗೂ ತನ್ನ ಕೈಯ ಬುದ್ಧಿ ಗೊತ್ತಿತ್ತು. ಗಾಜನ್ನು ಕೊಟ್ಟ. "ಬಚ್ಚಿಡು. ನಾನು ಕಾಲು ಹಿಡ್ಕೊಂಡ್ರೂ ಕೊಡಬೇಡ," ಎಂದ. ಮಾತು ಕೊಟ್ಟು ಎರಡು ದಿನ ಗಂಡಸಿನ ಹಾಗೆ ಇದ್ದ. ಮೂರನೆಯ ದಿನ ಕಾಲು ಹಿಡಿದ. ಅವಳು ಕಾಲು ಬಿಡಿಸಿಕೊಂಡು ಕೆಲಸಕ್ಕೆ ಹೋದಳು.

ಕೋಣೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗ ಬಿದ್ದಿದ್ದವು. ಅಣ್ಣನಿಗೆ ನಗು ಬಂತು. ಇಡೀ ಊರಿಗೆ ಕೀಲಿ ಮಾಡುವವನಿಗೆ ಬೀಗ ಹಾಕುವುದೇ! ಆ ಬೀಗಗಳು ಅವನೇ ಕೊಟ್ಟಂಥವು. ಎರಡು ನಿಮಿಷದಲ್ಲಿ ಪೆಟ್ಟಿಗೆ ತೆರೆದಿತ್ತು. ಬಟ್ಟೆಗಳ ತಳದಲ್ಲಿ ಗಂಟು, ಗಂಟಿನಲ್ಲಿ ಗಾಜು. ಗೀರು ಬೀಳದಿರಲೆಂದು ಅದರ ಬೆನ್ನಿಗೆ ದಪ್ಪ ರಟ್ಟು ಬೇರೆ ಅಂಟಿಸಿದ್ದಳು. ಎಷ್ಟು ಜೋಪಾನ ಮಾಡಿದ್ದಾಳಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಕರುಳು ಚುರುಕ್ಕೆಂದರೂ ಕೈ ನಿಲ್ಲಲಿಲ್ಲ. ಗಾಜು ಚೀಲದಲ್ಲಿ ಕೂತು ಅಂಗಡಿಗೆ ಹೋಯಿತು.

ಮೊದಲ ದಿನ ಐದು ನಿಮಿಷ ಉಜ್ಜಿದ. ಬಾಗಿಲು ಹಾಕಿ, ಟಾರ್ಚು ಹಚ್ಚಿ, ಬ್ಲೇಡ್ ಹಿಡಿದು ನೋಡಿದರೆ ಎದೆ ಧಸಕ್ಕೆಂದಿತು. ನಡುವೆ ಗುಂಡಿ! ಥೇಟ್ ಹೋದ ವರ್ಷದ್ದೇ ಗುಂಡಿ! ಐದು ನಿಮಿಷದಲ್ಲಿ ಇಷ್ಟು ದೊಡ್ಡದು ಹೇಗಾಯಿತು? ಯೋಚಿಸುವ ಮನುಷ್ಯನಾಗಿದ್ದರೆ ಅಲ್ಲೇ ಕೂತು ಯೋಚಿಸುತ್ತಿದ್ದ. ಇವನು ಗುಂಡಿ ತೆಗೆಯಲು ಅಂಚು ಉಜ್ಜಿದ. ಅಂಚು ಇಳಿಯಿತು. ಅಂಚು ಸರಿಮಾಡಲು ನಡುವೆ ಉಜ್ಜಿದ. ದಿನವೂ ಬೆಳಿಗ್ಗೆ ಗಾಜು ಅಂಗಡಿಗೆ, ಅವಳು ಬರುವ ಮೊದಲು ಮತ್ತೆ ಪೆಟ್ಟಿಗೆಗೆ. ಗಿರಾಕಿಗಳ ಕೀಲಿಗಳೆಲ್ಲ ಕೆಂಪಾದವು. ಔಷಧಿ ಅಂಗಡಿಯಾಕೆ, "ಏನಣ್ಣಾ, ಕೀಲಿಗೆ ತುಟಿಬಣ್ಣ ಹಚ್ತಿದೀಯಾ?" ಎಂದಳು. ಮನೆಯಲ್ಲಿ ಹೆಂಡತಿ ಅವನ ಬೆರಳುಗಳನ್ನು ನೋಡುತ್ತಿದ್ದಳು. ಅಡುಗೆಮನೆಗೆ ಹೋಗಿ ಅಲ್ಲಿ ಒಬ್ಬಳೇ ನಗುತ್ತಿದ್ದಳು. ಯಾಕೆ ನಗುತ್ತಾಳೆಂದು ಕೇಳುವ ಧೈರ್ಯ ಕಳ್ಳನಿಗೆಲ್ಲಿಂದ ಬರಬೇಕು!

ಕೂಟದ ದಿನ ಬೆಳಿಗ್ಗೆ ಅವಳೂ ಹೊರಟು ನಿಂತಳು. ಹಿಂದೆಂದೂ ಬಂದವಳಲ್ಲ. ಅವನ ಕಣ್ಣೆದುರೇ ಮೂರು ಬೀಗ ತೆಗೆದು, ಗಂಟನ್ನು ಎತ್ತಿ ಅವನ ಕೈಗಿಟ್ಟು, "ಬಿಚ್ಚಬೇಡಿ," ಎಂದಳು. ತಾನು ಅಡುಗೆಮನೆಯ ಹಿಟ್ಟಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ತಿಂಡಿಯಿರಬೇಕು ಎಂದುಕೊಂಡ ಅಣ್ಣ. ಎರಡು ಗಂಟೆಯ ದಾರಿಯಲ್ಲಿ ಡಬ್ಬಿಯನ್ನು ಅವಳು ತೊಡೆಯಿಂದ ಇಳಿಸಲಿಲ್ಲ. ಮೂರು ಸಲ ಅವನು ತಪ್ಪೊಪ್ಪಿಕೊಳ್ಳಲು ಹೊರಟ. "ನೋಡೇ, ಒಂದು ಮಾತು..." ಎಂದು ಶುರುಮಾಡಿದಾಗಲೆಲ್ಲ ಬಸ್ಸು ಗುಂಡಿಗೆ ಬಿದ್ದು ಎಗರುತ್ತಿತ್ತು. ಗುಂಡಿ ಎಂದರೇ ಅವನಿಗೆ ಬಾಯಿ ಕಟ್ಟುತ್ತಿತ್ತು.

ಶಾಲೆಯ ಅಂಗಳ ತುಂಬಿಹೋಗಿತ್ತು. ಚರಂಡಿ ಪೈಪಿನಲ್ಲಿ ಮಾಡಿದ ದೂರದರ್ಶಕ, ಹಳೇ ಡ್ರಮ್ಮಿನಲ್ಲಿ ಮಾಡಿದ್ದು, ಅಂಗಡಿ ಫಲಕದ ತಗಡಿನಲ್ಲಿ ಮಾಡಿ ಅರ್ಧ ಅಕ್ಷರ ಉಳಿದದ್ದು. ಹಗಲಾದ್ದರಿಂದ ಎಲ್ಲವೂ ದೂರದ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿದ್ದವು. ದೂರದರ್ಶಕದಲ್ಲಿ ಎಲ್ಲ ತಲೆಕೆಳಗಾಗಿ ಕಾಣುವುದರಿಂದ, ನಲವತ್ತು ಜನ ದೊಡ್ಡ ಮನುಷ್ಯರು ತಲೆಕೆಳಗಾದ ಟ್ಯಾಂಕನ್ನು ನೋಡಿ "ಆಹಾ!" ಎನ್ನುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬ ತನ್ನ ದೂರದರ್ಶಕವನ್ನು ಹಲ್ಲು ಕೀಳುವ ಹಳೆಯ ಕುರ್ಚಿಗೆ ಜೋಡಿಸಿದ್ದ. ಅದರಲ್ಲಿ ಕೂತವರೆಲ್ಲ ಕಣ್ಣಿನ ಬದಲು ಬಾಯಿ ತೆರೆಯುತ್ತಿದ್ದರು. ಅಣ್ಣನ ಹೆಂಡತಿ ಒಂದು ಸುತ್ತು ಹಾಕಿ ಬಂದು, "ನಿಮ್ಮಂಥೋರು ಇಷ್ಟು ಜನ ಇದಾರಾ? ಇವರ ಮನೆಯೋರೆಲ್ಲ ಬದುಕಿದಾರಾ?" ಎಂದು ಕೇಳಿದಳು.

ಪರದೆ ಎಳೆದು ಕತ್ತಲು ಮಾಡಿದ ಕೋಣೆಯಲ್ಲಿ ಬ್ಲೇಡಜ್ಜ ಕೂತಿದ್ದ. ಸುತ್ತ ಹದಿನೈದಿಪ್ಪತ್ತು ಜನ. ಅಣ್ಣನ ಸರದಿ ಬಂತು.

"ಬಾರಪ್ಪಾ ಐದ್ನಿಮಿಷ. ಇಡು."

ಅಣ್ಣ ಗಂಟನ್ನು ಮೇಜಿನ ಮೇಲಿಟ್ಟ. ಬಿಚ್ಚಲು ಕೈ ಬರಲಿಲ್ಲ. ಹನ್ನೊಂದು ವರ್ಷದ ಆಸೆಯನ್ನು ತಾನೇ ಕೈಯಾರೆ ಉಜ್ಜಿ ಹಾಳುಮಾಡಿದ್ದೇನೆ, ಅದೂ ಅವಳು ಇಷ್ಟು ಜೋಪಾನ ಮಾಡಿಟ್ಟ ಮೇಲೆ ಎಂದುಕೊಂಡ.

"ಅಜ್ಜಾ, ನೋಡಬೇಡಿ," ಎಂದ, ಕೋಣೆಗೆಲ್ಲ ಕೇಳುವ ಹಾಗೆ. "ಕೆಟ್ಟೋಗಿದೆ. ಇವಳು ಮೂರು ಬೀಗ ಹಾಕಿ ಇಟ್ಟಿದ್ಲು. ನಾನೇ ಬೀಗ ತೆಗೆದು, ದಿನಾ ಅಂಗಡಿಗೆ ಹೊತ್ಕೊಂಡು ಹೋಗಿ ಉಜ್ಜಿಬಿಟ್ಟೆ. ನಡುವೆ ಬಾವಿ ತೋಡಿದೀನಿ. ಇವಳಿಗೆ ಹೇಳಿಲ್ಲ. ಈಗ ಹೇಳ್ತಾ ಇದೀನಿ."

ಯಾರೋ ಕಿಸಕ್ಕೆಂದರು. ಹೆಂಡತಿ ಮುಂದೆ ಬಂದಳು.

"ಗೊತ್ತು. ಬೆರಳು ನೋಡಿದ್ರೆ ಗೊತ್ತಾಗಲ್ವಾ? ಅದು ಹೋದ ವರ್ಷದ್ದು."

"ಯಾವುದು?"

"ನೀವು ಉಜ್ಜಿದ್ದು. ಬೆನ್ನ ಮೇಲೆ ವರ್ಷ ಕೆತ್ತಿದ್ರಲ್ಲ, ಅದು ಕಾಣಬಾರದು ಅಂತ ರಟ್ಟು ಅಂಟಿಸಿದ್ದೆ. ಕೀಲಿ ಮಾಡೋರು ಬೀಗ ಕಂಡ್ರೆ ಬಿಡ್ತಾರಾ? ಅದಕ್ಕೇ ಹಾಕಿದ್ದೆ. ಕೈ ತುರಿಸಿದ್ರೆ ಉಜ್ಜೋಕೆ ಏನಾದ್ರೂ ಬೇಕಲ್ಲ ನಿಮಗೆ."

ಅಷ್ಟು ಹೇಳಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು. ಹಿಟ್ಟಿನೊಳಗೆ ಕೈಯಿಟ್ಟು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಟ್ಟೆಯ ಗಂಟೊಂದನ್ನು ಹೊರಗೆಳೆದಳು. ಹದಿನೈದು ದಿನ ಅಣ್ಣ ಆ ಡಬ್ಬಿಯ ಎದುರೇ ಕೂತು ಮೂರು ಹೊತ್ತು ತಿಂದಿದ್ದ. ಡಬ್ಬಿಗೆ ಬೀಗವೇ ಇರಲಿಲ್ಲ, ಹಾಗಾಗಿ ಅವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಬ್ಲೇಡಜ್ಜ ಗಂಟಿನೊಳಗಿದ್ದ ಈ ವರ್ಷದ ಗಾಜನ್ನು ಮುಟ್ಟಿ, "ಬೆಚ್ಚಗಿದೆ. ಗಾಜು ಬೆಚ್ಚಗಿದ್ರೆ ಸುಳ್ಳು ಹೇಳುತ್ತೆ. ಅರ್ಧ ಗಂಟೆ ಆರಲಿ," ಎಂದ. ಎರಡು ಗಂಟೆ ಅವಳ ತೊಡೆಯ ಮೇಲಿದ್ದ ಬಿಸಿ ಅದು. ಅರ್ಧ ಗಂಟೆ ಅಣ್ಣ ಜೀವ ಬಾಯಿಗೆ ಬಂದವನ ಹಾಗೆ ನಿಂತಿದ್ದ. ಒಂದು ಸಲ ಬಟ್ಟೆ ಹಿಡಿದು, "ಸ್ವಲ್ಪ ಒರೆಸಲಾ?" ಎಂದು ಕೈ ಚಾಚಿದ. ಇಡೀ ಕೋಣೆ ಒಂದೇ ಬಾಯಲ್ಲಿ "ಬೇಡ!" ಎಂದಿತು.

ಆಮೇಲೆ ದೀಪ ಹತ್ತಿತು. ಅಜ್ಜ ಬ್ಲೇಡನ್ನು ಮೆಲ್ಲಗೆ ಸರಿಸಿದ. ಒಂದು ಕಡೆಯಿಂದ ನೋಡಿದ, ನಿಲ್ಲಿಸಿದ, ಮತ್ತೆ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದ.

"ಸಾಕು," ಎಂದ.

ಚಪ್ಪಾಳೆ ಬಿತ್ತು. ಹಲ್ಲಿನ ಡಾಕ್ಟರು ಸಿಳ್ಳೆ ಹಾಕಿದ. ಅಣ್ಣ ಮಾತ್ರ ಪೆಚ್ಚಾಗಿ ನಿಂತಿದ್ದ. ಈ ಮಾತು ಕಿವಿಗೆ ಬಿದ್ದರೆ ಆಕಾಶಕ್ಕೆ ಮೂರೇ ಗೇಣು ಎಂದುಕೊಂಡಿದ್ದವನಿಗೆ, ಇದನ್ನು ತಾನು ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಎಲ್ಲೋ ಅಲ್ಲ. ತನ್ನದೇ ಅಡುಗೆಮನೆಯಿಂದ, ದಿನಾ ಸಂಜೆ, ಹನ್ನೊಂದು ವರ್ಷ. ಅವನು ತಿರುಗಿ ಹೆಂಡತಿಯನ್ನು ನೋಡಿದ. ಅವಳು ಕೈಗೆ ಅಂಟಿದ್ದ ಹಿಟ್ಟನ್ನು ಕೊಡವಿಕೊಳ್ಳುತ್ತಿದ್ದಳು. ಅವನ ಕಣ್ಣು ತುಂಬಿತು. ನಾಚಿಕೆಯಿಂದಲೋ ಸಂತೋಷದಿಂದಲೋ, ಎರಡೂ ಇತ್ತು.

ಅಜ್ಜ ಕೂಟದ ದೊಡ್ಡ ಪುಸ್ತಕವನ್ನು ಅವನ ಮುಂದೆ ತಳ್ಳಿದ. "ಸಾಕು" ಅನ್ನಿಸಿಕೊಂಡ ಕನ್ನಡಿಗಳನ್ನು ಮಾಡಿದವರು ಅದರಲ್ಲಿ ತಮ್ಮ ಹೆಸರು ಬರೆಯುವುದು ಅಲ್ಲಿನ ರೂಢಿ. ಅಣ್ಣ ಪೆನ್ನು ಹಿಡಿದು, ಒಂದೇ ಸಾಲಿನಲ್ಲಿ ಇಬ್ಬರ ಹೆಸರನ್ನೂ ಬರೆದ. ತನ್ನ ಹೆಸರಿನ ಮುಂದೆ "ಉಜ್ಜಿದವನು" ಎಂದು ಬರೆದ. ಅವಳ ಹೆಸರಿನ ಮುಂದೆ "ನಿಲ್ಲಿಸಿದವಳು" ಎಂದು ಬರೆದ. ಬರೆದಾದ ಮೇಲೆ ಅಕ್ಷರ ಅಷ್ಟು ಗುಂಡಗಿಲ್ಲ ಅನ್ನಿಸಿ, ತಿದ್ದಲು ಮತ್ತೆ ಪೆನ್ನು ಊರಿದ.

"ರೀ," ಎಂದಳು ಹೆಂಡತಿ.

ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅವಳು ಮುಂದಿನ ಮಾತು ಹೇಳುವ ಮೊದಲೇ, ಅವನು ಪೆನ್ನು ಕೆಳಗಿಟ್ಟ.